ಬಾಂಡ್ಲಿ ಇಳಿಸುವ ಹೊತ್ತು

"ಇವತ್ತಿನ ಬೀಜ ಹುರಿದವರು ಯಾರು, ಸ್ವಾಮಿ?"

ಲೋಟ ಕೆಳಗಿಡುತ್ತಾ ಹೀಗೆ ಕೇಳಿದವನನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿ ನನ್ನ ಎದೆ ಧಸಕ್ಕೆಂದಿತು. ಹಾಸನದ ಮಂಡಿಯಿಂದ ಪ್ರತಿ ಮಂಗಳವಾರ ರೈಲಿನಲ್ಲಿ ನಮಗೆ ಕಾಫಿ ಬೀಜ ತರುವ ಗೌರೀಶಂಕರ. ಮೂಟೆಯ ಬಾಯಿಗೆ ಮೂಗು ಹಿಡಿದರೆ ಸಾಕು, ಬೀಜ ಯಾವ ತೋಟದ್ದು, ಎಷ್ಟು ದಿನ ಒಣಗಿದೆ ಅಂತ ಹೇಳುತ್ತಾನೆ ಅಂತ ಮಂಡಿಯಲ್ಲೆಲ್ಲ ಹೆಸರು.

"ಇನ್ಯಾರಪ್ಪ, ನಾನೇ," ಅಂದರು ಅಪ್ಪಾಜಿ.

"ಕೈ ಬದಲಾದ ಹಾಗಿದೆ."

ಅಪ್ಪಾಜಿ ಅದನ್ನು ತಮಾಷೆ ಅಂದುಕೊಂಡು ನಕ್ಕರು. ಅವನು ನಗಲಿಲ್ಲ. ನೇರವಾಗಿ ನನ್ನ ಬಾಗಿಲ ಸಂದಿಯ ಕಡೆಗೇ ನೋಡಿದ. ನಾನು ಸರಕ್ಕನೆ ಹಿಂದೆ ಸರಿದೆ. ಎಂಥಾ ಮನುಷ್ಯನಪ್ಪ ಇವನು, ಕಾಫಿ ಕುಡಿದು ಎದ್ದು ಹೋಗಬಾರದೇ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಮೂವತ್ತೆಂಟನೇ ಇಸವಿಯ ಮಾತು. ಹೊಳೆನರಸೀಪುರದ ರೈಲ್ವೆ ಸ್ಟೇಷನ್ ಎದುರಿಗೆ ನಮ್ಮ ವೀರಶೈವ ಕಾಫಿ ಕ್ಲಬ್. ನಮ್ಮಪ್ಪಾಜಿ ಷಡಕ್ಷರಪ್ಪನವರ ಕಾಫಿಗಾಗಿ ರೈಲು ತಪ್ಪಿಸಿಕೊಂಡವರೂ ಇದ್ದರು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಆ ವರ್ಷ ಯುಗಾದಿ ಹೊತ್ತಿಗೆ ಅವರಿಗೆ ವಿಷಮಜ್ವರ ಬಂತು. ಬದುಕಿದ್ದೇ ಹೆಚ್ಚು. ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಹಾಲಿನ ಪಾತ್ರೆ ತಳ ಹತ್ತಿ, ಸೀದ ವಾಸನೆ ಬೀದಿಯವರೆಗೂ ಹೋಯಿತು. ಅಪ್ಪಾಜಿ ಒಲೆಗೆ ಬೆನ್ನು ಹಾಕಿ ಒಂದು ಮಾರು ದೂರದಲ್ಲಿ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಅವರಿಗೆ ಗೊತ್ತೇ ಆಗಲಿಲ್ಲ. ಜ್ವರ ಅವರ ಮೂಗನ್ನು ತಿಂದುಹಾಕಿತ್ತು.

ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

ಬೀಜ ಹುರಿಯುವಾಗ ಬರೀ ಬಣ್ಣ ನೋಡಿದರೆ ಸಾಲದು. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಹುರಿಗಡಲೆಯದು, ಆಮೇಲೆ ಕಾಯಿಸಿದ ಬೆಲ್ಲದ ಘಮ. ಅದು ಏಳುತ್ತಲೇ ಬಾಂಡ್ಲಿ ಇಳಿಸಬೇಕು. ಹತ್ತು ಎಣಿಸುವಷ್ಟು ತಡವಾದರೆ ಇದ್ದಿಲು. ಅಪ್ಪಾಜಿ ಕಣ್ಣಂದಾಜಿನಲ್ಲಿ ಹುರಿದು ಪ್ರತಿ ಸಂಜೆಯೂ ಸುಡುತ್ತಿದ್ದರು. ಮರುದಿನ ಅವರು ಹೊಳೆಗೆ ಸ್ನಾನಕ್ಕೆ ಹೋದಾಗ ನಾನು ಅದನ್ನು ಹಿತ್ತಲ ತಿಪ್ಪೆಗೆ ಸುರಿದು, ಬೇರೆ ಹುರಿದು, ಪುಡಿ ಮಾಡಿ ಅದೇ ಡಬ್ಬಕ್ಕೆ ತುಂಬುತ್ತಿದ್ದೆ. ಮನೆಯೆಲ್ಲ ಘಮಘಮ ಅನ್ನುತ್ತಿರುವಾಗಲೇ ಅವರು ಒದ್ದೆ ಪಂಚೆ ಹಿಂಡುತ್ತಾ ಒಳಗೆ ಬರುತ್ತಿದ್ದರು. ಏನೂ ತಿಳಿಯುತ್ತಿರಲಿಲ್ಲ. ಗಿರಾಕಿಗಳು ಹೊಗಳಿದರೆ ಮೀಸೆ ತೀಡಿಕೊಳ್ಳುತ್ತಿದ್ದರು. ಆ ಮೀಸೆ ತೀಡುವುದನ್ನು ನೋಡುವುದಕ್ಕೋಸ್ಕರವೇ ನಾನು ಆರು ತಿಂಗಳು ಕಳ್ಳಿಯ ಹಾಗೆ ಬದುಕಿದೆ.

ಮುಂದಿನ ಮಂಗಳವಾರ ಗೌರೀಶಂಕರ ಹಿತ್ತಲ ಬಾಗಿಲಿಗೇ ಬಂದ. ಅಂಗೈ ಬಿಚ್ಚಿ ತೋರಿಸಿದ. ಕಪ್ಪಗೆ ಸುಟ್ಟ ಬೀಜ.

"ನಾನು ಕೊಟ್ಟ ಬೀಜ ತಿಪ್ಪೆ ಮೇಲೆ ಬಿದ್ದಿದೆ. ನೋಡಿ ಸಂಕಟ ಆಯ್ತು."

"ಕಂಡೋರ ತಿಪ್ಪೆ ಕೆದಕೋದು ನಿಮಗೆ ಅಭ್ಯಾಸವಾ?"

"ಇಲ್ಲ. ಇದೇ ಮೊದಲು." ಅವನು ದನಿ ತಗ್ಗಿಸಿದ. "ಅಪ್ಪಾಜಿಗೆ ವಾಸನೆ ಹೋಗಿದೆ, ಅಲ್ವಾ?"

ನನ್ನ ಬಾಯಿ ಜೋರು ಅಂತ ಬೀದಿಗೆಲ್ಲ ಗೊತ್ತು. ಆದರೆ ಆಗ ಕಣ್ಣಲ್ಲಿ ನೀರು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಯಾರಿಗಾದ್ರೂ ಹೇಳಿದ್ರೆ..."

"ಹೇಳಲ್ಲ."

"ನಿಮ್ಮನ್ನ ಹೇಗೆ ನಂಬೋದು?"

"ನಂಬಬೇಡಿ. ನೋಡ್ತಾ ಇರಿ."

ನೋಡುತ್ತಾ ಇದ್ದೆ. ಅದೇ ತಪ್ಪಾಯಿತು. ಪ್ರತಿ ವಾರ ಮೂಟೆಯ ಜೊತೆಗೆ ಎರಡು ಸೇರು ಬೀಜ ಬೇರೆ ಚೀಲದಲ್ಲಿ ಕಟ್ಟಿ ಹಿತ್ತಲ ಕಟ್ಟೆಯ ಮೇಲೆ ಇಟ್ಟುಹೋಗುತ್ತಿದ್ದ. ನಾನು ಎಸೆದದ್ದು ಮೂಟೆಯಲ್ಲಿ ಕಡಿಮೆ ಬಿದ್ದು ಅಪ್ಪಾಜಿಗೆ ಅನುಮಾನ ಬರಬಾರದಲ್ಲ, ಅದಕ್ಕೆ. ಒಂದು ದಿನವೂ ಅದರ ಮಾತೆತ್ತಲಿಲ್ಲ. ಮುಂದೆ ಕೂತು ಕಾಫಿ ಕುಡಿದು, ಬಾಗಿಲ ಸಂದಿಯ ಕಡೆ ಒಂದು ಸಲ ನೋಡುತ್ತಿದ್ದ. ಚೆನ್ನಾಗಿದ್ದರೆ ಕಣ್ಣು ಅರೆ ಮುಚ್ಚುತ್ತಿದ್ದ. ಹಾಲು ಹೆಚ್ಚಾಗಿದ್ದರೆ ಒಂದೇ ಹುಬ್ಬು ಏರುತ್ತಿತ್ತು. ಆ ಹುಬ್ಬು ಏರಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

"ಸೋಮವಾರ ಬಂದ್ರೆ ಸಾಕು ನಿನಗೇನೋ ಸಡಗರ," ಅಂದರು ಅಪ್ಪಾಜಿ ಒಮ್ಮೆ. "ನಾಳೆ ಬೀಜ ಬರುತ್ತಲ್ಲ," ಅಂದೆ. ಬೀಜವಂತೆ ಬೀಜ.

ಕಾರ್ತಿಕದಲ್ಲಿ ನಾನು ರಾಮನಾಥಪುರದ ಚಿಕ್ಕಮ್ಮನ ಮನೆಗೆ ಎರಡು ದಿನ ಹೋಗಿಬಂದೆ. ಆ ಎರಡು ದಿನ ಊರವರು ಕುಡಿದದ್ದು ಅಪ್ಪಾಜಿ ಸುಟ್ಟ ಬೀಜದ ಕಾಫಿ. ಕುಡಿದವರಲ್ಲಿ ಹಳ್ಳಿಮೈಸೂರಿನ ರಂಗಸ್ವಾಮಿಗೌಡರೂ ಇದ್ದರು. ನಾನು ವಾಪಸು ಬಂದ ದಿನವೇ ಅವರು ಬಂದು ಬೆಂಚಿನ ಮೇಲೆ ಕೂತು ಎಲ್ಲರ ಎದುರಿಗೆ ಹೇಳಿದರು:

"ಷಡಕ್ಷರಪ್ನೋರೇ, ಮೊನ್ನೆ ನಿಮ್ ಕಾಫಿ ಸುಟ್ಟೋಗಿತ್ತು ಕಣ್ರೀ. ನನ್ ಮಗಳ ಮದ್ವೆ ಕಾಫಿ ನಿಮ್ಗೇ ಅಂತಿದ್ದೆ. ಈಗ ಅನ್ಮಾನ ಬಂದದೆ. ಮಂಗಳ್ವಾರ ಬತ್ತೀನಿ. ನನ್ನೆದ್ರುಗೇ ಉರ್ದು, ಪುಡಿ ಮಾಡಿ, ಸೋಸ್ಕೊಡಿ. ಮಂಡಿ ಗೌರೀಶಂಕ್ರನೂ ಇರ್ಲಿ. ಅವ್ನು ಕುಡ್ದು ಚೆಂದಾಗದೆ ಅಂದ್ರೆ ಸಾಕು, ನಾನು ಎಲ್ಡನೇ ಮಾತಾಡಕ್ಕಿಲ್ಲ."

"ಧಾರಾಳವಾಗಿ ಬನ್ನಿ ಗೌಡರೇ," ಅಂದರು ಅಪ್ಪಾಜಿ. ಮೇಜು ಒರೆಸುತ್ತಿದ್ದ ಅವರ ಕೈ ನಿಂತಿತ್ತು.

ಮಂಗಳವಾರ ರೈಲಿಳಿದು ಬಂದವನನ್ನು ಹಿತ್ತಲಲ್ಲೇ ತಡೆದೆ.

"ಚೆನ್ನಾಗಿದೆ ಅನ್ನಿ. ಹೇಗೇ ಇರಲಿ, ಚೆನ್ನಾಗಿದೆ ಅಂದುಬಿಡಿ. ಮದುವೆ ದಿನ ಪುಡಿ ನಾನು ಮಾಡಿ ಕಳಿಸ್ತೀನಿ."

ಅವನು ಹೆಗಲ ಮೇಲಿನ ಮೂಟೆ ಕೆಳಗಿಳಿಸಿದ. "ಸುವರ್ಣಮ್ಮ, ನನ್ನ ಹತ್ರ ಆಸ್ತಿ ಇಲ್ಲ, ಹೊಲ ಇಲ್ಲ. ನಾನು ಹೇಳಿದ್ದು ನಿಜ ಅಂತ ನಾಲ್ಕು ಜನ ನಂಬ್ತಾರೆ. ಅಷ್ಟೇ ಇರೋದು."

"ಹಾಗಾದ್ರೆ ನಿಜಾನೇ ಹೇಳಿ. ನಾಳೆಯಿಂದ ಅಪ್ಪಾಜಿ ಬೀದೀಲಿ ತಲೆ ತಗ್ಗಿಸಿ ಓಡಾಡ್ತಾರೆ. ಆಮೇಲೆ ಈ ಕಡೆ ತಲೆ ಹಾಕಬೇಡಿ."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವನು ಮುಂದಿನ ಬಾಗಿಲಿಗೆ ಹೋದ.

ಅಪ್ಪಾಜಿ ಒಲೆಯನ್ನು ಅಂಗಡಿಯ ಮುಂಭಾಗಕ್ಕೇ ತಂದಿಟ್ಟಿದ್ದರು. ಗೌಡರು ಬೆಂಚಿನ ಮೇಲೆ, ಪಕ್ಕದಲ್ಲಿ ಗೌರೀಶಂಕರ. ರೈಲು ಕಾಯುವವರು ಏಳೆಂಟು ಜನ ಸುತ್ತ ನಿಂತಿದ್ದರು. ನಾನು ಬಾಗಿಲ ಹಿಂದೆ.

ಬೀಜ ಬಾಂಡ್ಲಿಗೆ ಬಿತ್ತು. ಹುಲ್ಲಿನ ವಾಸನೆ. ಅಪ್ಪಾಜಿ ಗೌಡರ ಜೊತೆ ಮಳೆ ಬೆಳೆ ಮಾತಾಡುತ್ತಾ ಸಟ್ಟುಗ ಆಡಿಸುತ್ತಿದ್ದರು. ಹುರಿಗಡಲೆ ವಾಸನೆ. ಬೀಜ ಚಟಗುಟ್ಟಿತು. ಬೆಲ್ಲದ ಘಮ ಎದ್ದಿತು.

ಈಗ. ಅಪ್ಪಾಜಿ, ಈಗ.

ಅವರು ಬಗ್ಗಿ ಬಣ್ಣ ನೋಡಿದರು. ಇನ್ನೂ ಒಂದು ಸುತ್ತು ಆಡಿಸಿದರು. ಇನ್ನೂ ಒಂದು. ಗೌರೀಶಂಕರ ಬಾಂಡ್ಲಿ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ಒಂದು ಮಾತು ಹೇಳಲಾ ಅಂತ ಕಣ್ಣಲ್ಲೇ ಕೇಳಿದ. ನಾನು ಬೇಡ ಅಂತ ತಲೆಯಾಡಿಸಿದೆ. ಆ ಹೊತ್ತಿಗೆ ಕಹಿ ಹೊಗೆ ಎದ್ದಾಗಿತ್ತು.

ಅಪ್ಪಾಜಿ ಬಾಂಡ್ಲಿ ಇಳಿಸಿ, ಬೀಜ ಆರಿಸಿ, ಮಿಷನ್ ತಿರುಗಿಸಿ ಪುಡಿ ಮಾಡಿ, ಬಟ್ಟೆಯಲ್ಲಿ ಹಾಕಿ ಕುದಿಯುವ ನೀರು ಹೊಯ್ದರು. ಕೈಚಳಕ ಮೊದಲಿನದೇ, ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಹಾಲು, ಸಕ್ಕರೆ ಬೆರೆಸಿ, ನೊರೆ ಬರುವಂತೆ ಎತ್ತಿ ಹೊಯ್ದು ಲೋಟವನ್ನು ಗೌರೀಶಂಕರನ ಮುಂದೆ ಇಟ್ಟರು.

ಅವನು ಕುಡಿದ. ಹುಬ್ಬು ಏರಲಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಷ್ಟು ಕಹಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು ಲೋಟ ಇಟ್ಟ.

"ಎಂಗದಪ್ಪ?" ಅಂದರು ಗೌಡರು.

ಅವನು ಗಂಟಲು ಸರಿಮಾಡಿಕೊಂಡ. ಹೇಳುತ್ತಾನೆ, ನನಗೋಸ್ಕರ ಹೇಳಿಬಿಡುತ್ತಾನೆ ಅಂತ ಗೊತ್ತಾಯಿತು. ಇನ್ನೊಂದು ಗಳಿಗೆಗೆ ಗೌಡರೂ ಕುಡಿಯುತ್ತಾರೆ. ಅಲ್ಲಿಗೆ ಇವನ ಹತ್ತಿರ ಇರುವುದೊಂದೂ ಹೋಗುತ್ತದೆ. ನಾನು ಕೇಳಿದ್ದು ಎಂಥದ್ದು ಅಂತ ಆಗ ಹೊಳೆಯಿತು.

"ಚೆನ್ನಾಗಿ..."

"ಸುಳ್ಳು ಹೇಳಬೇಡಿ," ಅಂದೆ. ನಾನು ಯಾವಾಗ ಹೊಸಿಲು ದಾಟಿದೆನೋ ನನಗೇ ತಿಳಿಯದು. ಎಲ್ಲರೂ ತಿರುಗಿ ನೋಡಿದರು. "ಸುಟ್ಟಿದೆ. ಅಪ್ಪಾಜಿ, ಸುಟ್ಟಿದೆ. ಜ್ವರ ಬಂದಾಗಿನಿಂದ ನಿಮಗೆ ವಾಸನೆ ಗೊತ್ತಾಗ್ತಿಲ್ಲ. ದಿನಾ ಹುರೀತಿದ್ದೋಳು ನಾನು."

ಅಪ್ಪಾಜಿ ಹೆಗಲ ಮೇಲಿನ ಟವಲು ತೆಗೆದು ಮಡಿಸಿದರು. ಬಿಚ್ಚಿ ಮತ್ತೆ ಮಡಿಸಿದರು.

"ಮೂಗು ಹೋದ್ರೂ ಕೈ ಇದೆ ಅಂದ್ಕೊಂಡಿದ್ದೆ," ಅಂದರು. "ಜನ ಹೊಗಳ್ತಿದ್ರಲ್ಲ, ಅದಕ್ಕೆ. ಅದೆಲ್ಲ ನಿನ್ನನ್ನ ಹೊಗಳಿದ್ದು."

ನಾನು ಅಳುತ್ತಿದ್ದೆ. ಅವರು ನನ್ನನ್ನು ಬಿಟ್ಟು ಗೌರೀಶಂಕರನ ಕಡೆ ತಿರುಗಿದರು.

"ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಚೆನ್ನಾಗಿದೆ ಅನ್ನೋಕೆ ಹೊರಟೆಯಲ್ಲ?"

"ಇವರು ಹೇಳು ಅಂದಿದ್ರು."

"ಇವಳು ಹೇಳು ಅಂದ್ರೆ ಸುಳ್ಳು ಹೇಳ್ತೀಯಾ? ನೀನು?"

ಅವನು ನೆಲ ನೋಡಿದ. ಆಮೇಲೆ ಅಷ್ಟು ಜನರ ನಡುವೆ ತಲೆಯೆತ್ತಿ ನನ್ನನ್ನು ನೋಡಿದ.

"ಇನ್ಯಾರು ಕೇಳಿದ್ರೂ ಹೇಳ್ತಿರಲಿಲ್ಲ," ಅಂದ.

ನನ್ನ ಅಳು ಅಲ್ಲೇ ನಿಂತಿತು. ಮುಖ ಬಿಸಿಯಾಯಿತು. ಇಷ್ಟು ತಿಂಗಳು ಆ ಬಾಯಿಂದ ಬರಲಿ ಅಂತ ಕಾದ ಮಾತು, ರೈಲು ಕಾಯುವವರ ಮುಂದೆ ಬಂದಿತ್ತು.

ಅಪ್ಪಾಜಿ ಅವನನ್ನು ನೋಡಿದರು, ನನ್ನನ್ನು ನೋಡಿದರು. ಉಳಿದಿದ್ದ ಸುಟ್ಟ ಬೀಜವನ್ನೆಲ್ಲ ಬೀದಿಗೆ ಸುರಿದು, ಬಾಂಡ್ಲಿ ಒರೆಸಿ, ಹೊಸ ಬೀಜ ಹಾಕಿ ಒಲೆಯ ಮೇಲೆ ಇಟ್ಟರು.

"ಇಲ್ಲಿ ಬಂದು ಕೂತ್ಕೋ," ಅಂದರು ನನಗೆ. "ನಾನು ಕೈ ಆಡಿಸ್ತೀನಿ. ನೀನು ಹೊತ್ತು ಹೇಳು."

ನಾನು ಅವರ ಪಕ್ಕ ಕೂತೆ. ಗೌರೀಶಂಕರ ಬೆಂಚಿನಿಂದ ಎದ್ದು ಒಲೆಯ ಆಚೆ ಬದಿಗೆ ಬಂದು ನಿಂತ.

"ಈಗ ಹೇಗಿದೆ?" ಅಂದರು ಅಪ್ಪಾಜಿ. ಅವರ ಕಣ್ಣು ಮುಚ್ಚಿತ್ತು.

"ಹುಲ್ಲು."

ಸಟ್ಟುಗ ಆಡುತ್ತಿತ್ತು. "ಈಗ?"

"ಹುರಿಗಡಲೆ."

ಬೀಜ ಚಟಗುಟ್ಟಿತು. ಅಪ್ಪಾಜಿಯ ಮುಖದ ಮೇಲೆ ಬೆವರಿಳಿಯುತ್ತಿತ್ತು. ನಾನು ಉಸಿರೆಳೆದೆ. ಘಮ ಬಂತು.

"ಇಳಿಸಿ," ಅಂದೆ. ಅದೇ ಗಳಿಗೆಗೆ ಒಲೆಯ ಆಚೆಯಿಂದ ಅವನೂ "ಇಳಿಸಿ" ಅಂದ.

ಅಪ್ಪಾಜಿ ಇಳಿಸಿದರು. ಬೀಜವನ್ನು ಮೊರಕ್ಕೆ ಸುರಿದು ಹರಡುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದರು:

"ನಿಮ್ಮ ಮನೇಲಿ ಹಿರೀಕರು ಯಾರಿದಾರಪ್ಪ?"

ಹೆಣ್ಣು ಹೆತ್ತವರು ಹುಡುಗನಿಗೆ ಈ ಪ್ರಶ್ನೆ ಯಾಕೆ ಕೇಳುತ್ತಾರೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತು. ಗೌರೀಶಂಕರನ ಕಿವಿ ಕೆಂಪಗಾದವು.

"ಅವ್ವ ಇದಾಳೆ. ಚನ್ನರಾಯಪಟ್ಟಣದಲ್ಲಿ."

"ಬರೋ ಸೋಮವಾರ ಕರ್ಕೊಂಡು ಬಾ."

"ಅದೆಲ್ಲ ಸರಿ ಕಣ್ರಪ್ಪ," ಅಂದರು ಗೌಡರು. "ನನ್ ಕಾಫಿ ಎಲ್ಲಿ?"

ಪುಡಿ ಮಾಡಿ, ಸೋಸಿ, ಎರಡು ಲೋಟ ಬೆರೆಸಿದೆ. ಒಂದನ್ನು ಗೌಡರ ಮುಂದೆ ಇಟ್ಟೆ. ಇನ್ನೊಂದನ್ನು ನನ್ನ ಕೈಯಾರೆ ಅವನ ಕೈಗೆ ಕೊಟ್ಟು, ಅವನು ಕುಡಿಯುವವರೆಗೂ ಅಲ್ಲೇ ಎದುರಿಗೆ ನಿಂತಿದ್ದೆ.