ಕಾಣೆಯಾದ ಕ್ಯಾಸೆಟ್ಟುಗಳು

ಗಾಜಿನ ಕಪಾಟು ಖಾಲಿಯಾಗಿತ್ತು!

ಬೆಳಿಗ್ಗೆ ಸ್ಮಾರಕದ ಬಾಗಿಲು ತೆರೆದ ಗ್ರಂಥಪಾಲಕ ನಿಂತಲ್ಲೇ ಬೆವತುಹೋದ. ಒಂದು ತಲೆಮಾರಿನ ನಿದ್ದೆಗೆಡಿಸಿದ್ದ ಪತ್ತೇದಾರಿ ಕಾದಂಬರಿಕಾರರು ತಮ್ಮ ಕೊನೆಯ ಭೂತದ ಕಥೆಗಳನ್ನು ಕ್ಯಾಸೆಟ್ಟುಗಳಿಗೆ ತುಂಬಿಸಿದ್ದರು. ಅವರ ಹೆಂಡತಿ ಅವನ್ನು ಕಳೆದ ವಾರವಷ್ಟೇ ತಾವಾಗಿ ತಂದುಕೊಟ್ಟಿದ್ದರು. ಸಂಜೆ ಲೇಖಕರ ಈ ಸ್ಮಾರಕದ ಉದ್ಘಾಟನೆ. ಅವು ಜನರ ಕಿವಿಗೆ ಬೀಳಬೇಕಾಗಿದ್ದದ್ದೂ ಅಲ್ಲೇ.

ನಿವೃತ್ತ ಇನ್ಸ್‌ಪೆಕ್ಟರ್, ಲೇಖಕರ ಹಳೆಯ ಅಭಿಮಾನಿ, ಸುದ್ದಿ ಕೇಳಿ ಬಂದು ಬೀಗ ನೋಡಿದಳು. ಒಡೆದಿರಲಿಲ್ಲ.

"ಕೀಲಿ ಯಾರ ಹತ್ರ ಇತ್ತು?"

"ನನ್ನ ಹತ್ರ, ಲೇಖಕರ ಮನೆಯವರ ಹತ್ರ," ಗ್ರಂಥಪಾಲಕ ತೊದಲಿದ. "ಒಬ್ಬ ಸಂಗ್ರಹಕಾರ ದುಂಬಾಲು ಬಿದ್ದಿದ್ದ, ನಿಜ. ನಾನು ಕೊಡಲಿಲ್ಲ ಮೇಡಂ!"

"ಇವನಲ್ದೆ ಇನ್ಯಾರು?" ತಾಯಿಯೊಂದಿಗೆ ಬಂದಿದ್ದ ಲೇಖಕರ ಮಗ ಸಿಡುಕಿದ.

"ನೀವು ಆ ಟೇಪು ಕೇಳಿದ್ರಾ?" ಇನ್ಸ್‌ಪೆಕ್ಟರ್ ಅವನನ್ನು ಕೇಳಿದಳು.

"ಇಲ್ಲ. ಅಪ್ಪ ಹೋದ್ಮೇಲೆ ಅವರ ದನಿ ಕೇಳೋ ಧೈರ್ಯ ಬರಲಿಲ್ಲ. ಹೋಗ್ಲಿ ಬಿಡಿ. ಹಳೇ ಟೇಪು, ಅರ್ಧಕ್ಕರ್ಧ ಅಮ್ಮನ ಕೆಮ್ಮೇ. ಪೊಲೀಸು ಗಿಲೀಸು ಬೇಡ."

ಮೂಲೆಯಲ್ಲಿ ಕೂತಿದ್ದ ತಾಯಿಯತ್ತ ಇನ್ಸ್‌ಪೆಕ್ಟರ್ ತಿರುಗಿದಳು.

"ಅಮ್ಮಾ, ಕೆಮ್ಮು ಯಾವಾಗಿನದು?"

"ಆ ಒಂದು ಚಳಿಗಾಲ. ನ್ಯುಮೋನಿಯಾ ಆಗಿತ್ತು. ಇವನು ಹೊರದೇಶದಲ್ಲಿ ಓದ್ತಿದ್ದ. ಗಾಬರಿ ಬೀಳ್ತಾನೆ ಅಂತ ಹೇಳ್ಲೇ ಇಲ್ಲ."

"ಯಾರೂ ಹೇಳದ ಕೆಮ್ಮು!" ಇನ್ಸ್‌ಪೆಕ್ಟರ್ ಮಗನನ್ನೇ ನೋಡಿದಳು. "ಟೇಪು ಕೇಳದೆ ನಿಮಗೆ ಹೇಗೆ ಗೊತ್ತಾಯ್ತು? ಅದೂ ಅರ್ಧಕ್ಕರ್ಧ— ಯಾಕೆ? ಮೈಕಿನ ಮುಂದೆ ಕೂತು ಕಥೆ ಹೇಳ್ತಿದ್ದದ್ದು ಅಪ್ಪ ಅಲ್ಲ, ಅಮ್ಮ. ಕ್ಯಾಸೆಟ್ಟು ತೆಗೆದದ್ದು ನೀವು."

ಮಗ ಕಾರಿನಿಂದ ಕ್ಯಾಸೆಟ್ಟುಗಳ ಚೀಲ ತಂದು ತಾಯಿಯ ಕಾಲ ಬಳಿ ಇಟ್ಟ.

"ಟೇಪಲ್ಲಿ ಅಪ್ಪ ಬರೀ 'ಆಮೇಲೆ? ಆಮೇಲೆ?' ಅಂತಾರೆ. ಅವರು ತೀರಿಕೊಂಡ ವಾರವೇ ಟೇಪು ಕೇಳಿ ನನಗೆ ಗೊತ್ತಾಯ್ತು. ಆದ್ರೂ ಬಂದ ಅಭಿಮಾನಿಗಳಿಗೆಲ್ಲ ಅಮ್ಮನ ಕೈಲೇ ಚಹಾ ಕೊಡಿಸಿದೆ. ಅಪ್ಪನ ಹೆಸರು ಮಣ್ಣುಪಾಲಾಗುತ್ತೆ ಅಂತ..." ಗ್ರಂಥಪಾಲಕನ ಮುಖ ನೋಡಲಾಗದೆ ತಲೆ ತಗ್ಗಿಸಿದ. "ನಿಮ್ಮ ಮೇಲೂ ಹೊರಿಸಿಬಿಟ್ಟೆ."

ತಾಯಿ ಚೀಲದ ಮೇಲೆ ಕೈಯಿಟ್ಟರು.

"ಪೂರ್ತಿ ಕೇಳಿದ್ಯಾ?"

"ಕೇಳಿದೆ, ಅಮ್ಮ."

"ಹೆದರಿಕೆ ಆಯ್ತಾ?"

"ದೀಪ ಆರಿಸೋಕೆ ಆಗ್ಲಿಲ್ಲ."

ತಾಯಿಯ ಕಣ್ಣು ಮಿನುಗಿತು. "ಹಾಗಾದ್ರೆ ಸಂಜೆ ಹಾಕ್ರಪ್ಪ. ನಾನೂ ಮುಂದಿನ ಸಾಲಲ್ಲಿ ಕೂತು ಕೇಳ್ತೀನಿ."