ಹೆಣ್ಮಕ್ಕಳ ಕಡೆಯ ಫೋಟೊ

2024ರ ನವೆಂಬರ್ 12, ಮಂಗಳವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ತಸ್ಲೀಮಾ ಎಂಬ ಮೂವತ್ತಾರು ವರ್ಷದ ಹೆಂಗಸು ಸವಣೂರು ಪೊಲೀಸ್ ಠಾಣೆಗೆ ಬಂದಳು. ಮನೆಯಲ್ಲೇ ಫೋಟೊ ಸ್ಟುಡಿಯೊ ನಡೆಸುವವಳು. ಮನೆಯಲ್ಲಿ ಕಳವಾಗಿದೆ ಎಂದಳು.

"ಏನ್ ಕಳುವಾಗೇತ್ರಿ?" ಪಿಎಸ್‌ಐ ರಘುವೀರ ಗಲಗಲಿ ಕೇಳಿದ.

"ಹಾರ್ಡ್ ಡಿಸ್ಕ್ ರಿ."

"ಕ್ಯಾಮೆರಾ?"

"ಎರಡೂ ಅದಾವ್ರಿ. ಲೆನ್ಸು, ಲೈಟು, ಪ್ರಿಂಟರ್ ಎಲ್ಲಾ ಇದ್ದಲ್ಲೇ ಅದಾವ."

"ಆ ಡಿಸ್ಕಿನಾಗ ಏನಿತ್ತು?"

ತಸ್ಲೀಮಾ ಬಾಗಿಲ ಕಡೆ ನೋಡಿದಳು. ಅಲ್ಲಿ ಇಬ್ಬರು ಪೇದೆಗಳು ಚಹಾ ಕುಡಿಯುತ್ತ ನಿಂತಿದ್ದರು. ರಘುವೀರ ಅವರನ್ನು ಹೊರಗೆ ಕಳಿಸಿ ಹೆಡ್ ಕಾನ್ಸ್‌ಟೇಬಲ್ ತಿಪ್ಪವ್ವಳನ್ನು ಕರೆದ. ಆಗ ಮಾತು ಹೊರಬಂತು.

ಸವಣೂರು, ಬಂಕಾಪುರ, ಶಿಗ್ಗಾಂವ ಸುತ್ತಿನ ಎಷ್ಟೋ ಮನೆಗಳಲ್ಲಿ ಮದುವೆಯ ಹೆಣ್ಮಕ್ಕಳ ಕಡೆಗೆ ಗಂಡಸು ಫೋಟೊಗ್ರಾಫರನನ್ನು ಬಿಡುವುದಿಲ್ಲ. ಅಲ್ಲಿಗೆ ತಸ್ಲೀಮಾನೇ ಹೋಗಬೇಕು. ಪರದೆಯ ಒಳಗೆ ತಲೆಯ ಮೇಲಿನ ಸೆರಗು ತೆಗೆದು, ಮೆಹಂದಿ ಹಚ್ಚಿಕೊಂಡು, ಬಾಯಿತುಂಬ ನಗುವ ಹೆಣ್ಮಕ್ಕಳ ಫೋಟೊ ತೆಗೆಯಬೇಕು. ಒಂದು ಪ್ರತಿಯನ್ನು ಮದುಮಗಳ ತಾಯಿಯ ಕೈಗೇ ಕೊಡಬೇಕು. ಇನ್ನೊಂದು ತಸ್ಲೀಮಾಳ ಡಿಸ್ಕಿನಲ್ಲಿ ವರ್ಷ ತುಂಬುವವರೆಗೆ ಇದ್ದು ಆಮೇಲೆ ಅಳಿಸಿಹೋಗುತ್ತದೆ. ಗಂಡಸಿನ ಕಣ್ಣಿಗೆ ಅದು ಬೀಳಬಾರದು. ಹನ್ನೊಂದು ವರ್ಷದಿಂದ ಅವಳ ಅಂಗಡಿ ನಿಂತಿದ್ದು ಈ ಒಂದೇ ಮಾತಿನ ಮೇಲೆ.

"ಎಷ್ಟು ಮದುವಿವು?" ತಿಪ್ಪವ್ವ ಕೇಳಿದಳು.

"ನಲವತ್ತೊಂದ್ರಿ ಅಕ್ಕಾ. ಒಂದ ಫೋಟೊ ಯಾರದರ ಮೊಬೈಲಿಗೆ ಬಂತಂದ್ರ ನಾ ಊರಾಗ ಮಾರಿ ಎತ್ತಿ ತಿರುಗೂ ಹಂಗಿಲ್ಲ. ನಂದ ಹೋಗ್ಲಿ. ಆ ಹುಡುಗ್ಯಾರ ಗತಿ ಏನ್ರಿ?" ಎಂದವಳೇ ಅತ್ತುಬಿಟ್ಟಳು.

ಭಾರತೀಯ ನ್ಯಾಯ ಸಂಹಿತೆ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು. ಡಿಸ್ಕಿನಲ್ಲಿ ಏನಿತ್ತು ಎಂಬಲ್ಲಿ ರಘುವೀರ 'ವ್ಯಾಪಾರಕ್ಕೆ ಸಂಬಂಧಿಸಿದ ದಾಖಲೆಗಳು' ಎಂದಷ್ಟೇ ಬರೆಸಿದ. ಸುದ್ದಿ ಊರಿಗೆ ಹಬ್ಬಲು ಠಾಣೆಯ ಚಹಾದಂಗಡಿಯೊಂದೇ ಸಾಕು ಎನ್ನುವುದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ 12:45ಕ್ಕೆ ಸ್ಥಳ ಪಂಚನಾಮೆ. ಪಡಸಾಲೆಯಲ್ಲಿ ಪಾಸ್‌ಪೋರ್ಟ್ ಫೋಟೊಗೆ ನೀಲಿ ಪರದೆ, ಒಂದು ಸ್ಟೂಲು. ಒಳಕೋಣೆಯಲ್ಲಿ ಮಂಚ, ಕಂಪ್ಯೂಟರು, ಗೋಡೆಗೆ ಕಪಾಟು. ಬೀಗ ಮುರಿದಿಲ್ಲ, ಕಿಟಕಿಯೂ ಗಟ್ಟಿ. ತಿಪ್ಪವ್ವ ಕಪಾಟಿನ ಅಂಚಿನಿಂದ ಏನನ್ನೋ ಚಿವುಟಿ ತೆಗೆದು ಬರೆದುಕೊಂಡಳು: 'ಹತ್ತಿಯ ಎಳೆ, ಒಂದು.'

"ಧೂಳಾನೂ ಬರಕೋರಿ ಮತ್ತ," ಎಂದು ರಘುವೀರ ನಕ್ಕ.

"ಕಂಡದ್ದು ಬರೀಬೇಕ್ರಿ ಸಾಹೇಬ್ರ," ಎಂದಳು ತಿಪ್ಪವ್ವ.

ಕಡೆಯ ಬಾರಿ ಡಿಸ್ಕ್ ಬಳಸಿದ್ದು 3ನೇ ತಾರೀಖು. ಇಲ್ಲವೆಂದು ಗೊತ್ತಾಗಿದ್ದು 11ರ ಸಂಜೆ. ನಡುವೆ ಮನೆಯೊಳಗೆ ಬಂದವರು ಯಾರು ಎಂದರೆ ತಸ್ಲೀಮಾ ಬೆರಳು ಮಡಚಿದಳು. ಪಾಸ್‌ಪೋರ್ಟ್ ಫೋಟೊಗೆ ಬಂದ ಕಾಲೇಜು ಹುಡುಗರು, ನೆಟ್ ಸರಿಮಾಡುವವ, ಗಾದಿ ಹೊಲಿಯುವವ.

"ಗಾದಿಯವರನ್ನ ಬಿಡ್ರಿ. ಬಂಕಾಪುರದ ಖಾದರಸಾಬ ಕಾಕಾ. 5ನೇ ತಾರೀಖು ಅಂಗಳದಾಗ ಹತ್ತಿ ಹಿಂಜಿ, ಗಾದಿ ಹೊಲದು, ಒಳಗ ಹಾಸಿಕೊಟ್ಟು ಹೋದ್ರು. ಐದೊತ್ತು ನಮಾಜಿನ ಮನಷ್ಯಾ."

ರಘುವೀರ ಬಿಟ್ಟುಬಿಟ್ಟ. ಅವನ ತಲೆಯಲ್ಲಿದ್ದುದು ಬ್ಲ್ಯಾಕ್‌ಮೇಲ್. ಕ್ಯಾಮೆರಾ ಮುಟ್ಟದೆ ಹೆಂಗಸರ ಫೋಟೊ ಮಾತ್ರ ಒಯ್ದವನು ಇನ್ನೇನು ಮಾಡುತ್ತಾನೆ? ಎರಡು ದಿನ ಕಾಲೇಜು ಹುಡುಗರ ಹಿಂದೆ ಬಿದ್ದ. ನೆಟ್ಟಿನವನನ್ನು ಮೂರು ತಾಸು ಕೂರಿಸಿದ. ಆ ಪಾಪದವನು ಹೆದರಿ, ಎರಡು ವರ್ಷದ ಹಿಂದೆ ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದ್ದನ್ನೂ ಒಪ್ಪಿಕೊಂಡ. ಡಿಸ್ಕ್ ಮಾತ್ರ ಸಿಗಲಿಲ್ಲ. ತಸ್ಲೀಮಾ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದಳು.

ಗುರುವಾರ, 14ನೇ ತಾರೀಖು, ತಿಪ್ಪವ್ವಳೇ ದಾರಿ ತೋರಿಸಿದಳು. ಒಯ್ದವನ ಹತ್ತಿರ ಕಂಪ್ಯೂಟರ್ ಇಲ್ಲದಿದ್ದರೆ ಅದನ್ನು ತೆರೆಸಲು ಅಂಗಡಿಗೆ ಹೋಗಲೇಬೇಕು. ಸವಣೂರಿನ ಮೂರು, ಬಂಕಾಪುರದ ಎರಡು ಅಂಗಡಿ ಕೇಳಿದ್ದಾಯಿತು. ಸಂಜೆ 4:10ಕ್ಕೆ ಶಿಗ್ಗಾಂವ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿ. ಮಾಲೀಕನ ಹೆಸರು ಫಕ್ಕೀರೇಶ.

"ಬಂದಿದ್ರಿ. ಹೋದ ಗುರುವಾರ. ಒಬ್ಬ ವಯಸ್ಸಾದ ಮನಷ್ಯಾ."

"ಏನಂದ?"

"ಇದರಾಗ ಒಂದ ಫೋಟೊ ಐತಿ, ಅದೊಂದ ತೋರ್ಸು ಅಂದ. ಎಲ್ಲಾ ತೆರದ ಹುಡುಕಬೇಕಾಕ್ಕೈತಿ ಅಂದೆ. ಹಂಗಾರ ನೀ ನೋಡ್ತೀಯೇನು ಅಂದ. ನೋಡ್ದ ಹೆಂಗ ಹುಡುಕ್ಲಿ ಅಂದೆ. ಕಣ್ಣ ಮುಚ್ಚಿ ತೆರ್ಯಾಕ ಬರೂದಿಲ್ಲೇನಪಾ ಅಂತ ಕೇಳಿದ್ರಿ. ನನಗ ನಗು ಬಂತು. ಡಿಸ್ಕ್ ಕಸಕೊಂಡು ಹೋಗೇಬಿಟ್ಟ."

"ಮತ್ತೇನರ ನೆಪ್ಪೈತೇನು?"

"ಕೇಬಲ್ ಹಾಕೂ ತೂತಿನಾಗ ಹತ್ತಿ ಸಿಕ್ಕೊಂಡಿತ್ರಿ. ಅದಷ್ಟ ತಗದಿದ್ದೆ."

ರಘುವೀರ ತಿಪ್ಪವ್ವಳ ಮುಖ ನೋಡಿದ. ಅವಳು ಪಂಚನಾಮೆಯ ಹಾಳೆ ತಿರುವಿ, 'ಹತ್ತಿಯ ಎಳೆ, ಒಂದು' ಎಂಬ ಸಾಲಿನ ಮೇಲೆ ಬೆರಳಿಟ್ಟಳು.

ಶುಕ್ರವಾರ, ನವೆಂಬರ್ 15. ಜುಮ್ಮಾ ನಮಾಜು ಮುಗಿಯುವ ತನಕ ಜೀಪು ಬಂಕಾಪುರದ ಓಣಿಯ ಆಚೆ ನಿಂತಿತ್ತು. 2:25ಕ್ಕೆ ಅವರು ಒಳಗೆ ಹೋದಾಗ ಖಾದರಸಾಬ ಟೋಪಿ ತೆಗೆದು ಮೊಳೆಗೆ ಹಾಕುತ್ತಿದ್ದ. ಅರವತ್ತರ ಆಸುಪಾಸು. ಮನೆಯಲ್ಲಿ ಅವನೊಬ್ಬನೇ.

"ಡಿಸ್ಕ್ ಎಲ್ಲೈತಿ?"

ಖಾದರಸಾಬ ಸುಳ್ಳು ಹೇಳಲಿಲ್ಲ. ಹಾಸಿಗೆಯ ಮೇಲಿನ ಹಳದಿ ಹೂವಿನ ದಿಂಬು ತಂದು, ಸೂಜಿಯ ತುದಿಯಿಂದ ಹೊಲಿಗೆ ಬಿಚ್ಚಿದ. ಹತ್ತಿಯ ನಡುವೆ ಕಪ್ಪು ಡಬ್ಬಿ ಇತ್ತು.

"ಯಾರ ದಿಂಬಿದು?" ತಿಪ್ಪವ್ವ ಕೇಳಿದಳು.

"ಮಗಳದ್ರಿ. ಜನ್ನತಂದು. ನಾನ ಹೊಲದಿದ್ದೆ."

"ಎಲ್ಲದಾಳ ಅಕಿ?"

"ಮಾರ್ಚಿನಾಗ ಹೋದಳ್ರಿ. ಹತ್ತೊಂಬತ್ತು ವರ್ಷ. ಜ್ವರ ಬಂತು, ಹುಬ್ಬಳ್ಳಿಗೆ ಒಯ್ದೆ, ಐದ ದಿನದಾಗ ಮುಗೀತು."

ತಾಯಿ ಮೊದಲೇ ತೀರಿಹೋಗಿದ್ದಳು. ಫೋಟೊ ತೆಗೆಸುವುದು ಖಾದರಸಾಬನಿಗೆ ಮೊದಲಿಂದಲೂ ಬೇಡವಾಗಿತ್ತು. ಮನೆಯಲ್ಲಿ ಒಂದೂ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿದ್ದದ್ದು ಆರು ವರ್ಷದ ಮಗುವಿನ, ಗುರುತೇ ಸಿಗದ ಮಸುಕು ಮುಖ. ಓಣಿಯ ಹೆಂಗಸೊಬ್ಬಳು, ಹೋದ ಡಿಸೆಂಬರಿನ ಮದುವೆಯಲ್ಲಿ ಜನ್ನತ ತಸ್ಲೀಮಾಳ ಫೋಟೊಗಳಲ್ಲಿ ಬಂದಿದ್ದಾಳೆ ಎಂದಿದ್ದಳಂತೆ.

"ತಸ್ಲೀಮಾನ್ನ ಕೇಳಬೇಕಿತ್ತಲ್ರಿ?"

"ಕೇಳಿದ್ದೆ. ಹೆಣ್ಮಕ್ಳ ಕಡಿ ಫೋಟೊ ಒಂದ ಸಲ ನೋಡಬೇಕಿತ್ತವಾ ಅಂದೆ. ಈ ವಯಸ್ಸಿನಾಗ ನಾಚಿಕಿ ಬರೂದಿಲ್ಲೇನು ಅಂದ್ಲು. ಖರೇನ ಅಂದ್ಲು. ಮಗಳ ಹೆಸರು ಬಾಯಿಗೆ ಬರಲಿಲ್ರಿ. ಡಿಸೆಂಬರ್ ಬಂದ್ರ ಅಳಿಸಿಬಿಡ್ತಾಳು ಅನ್ನೂದು ಗೊತ್ತಿತ್ತು."

"ಈಗ ನೋಡೀರೇನು?"

"ಇಲ್ರಿ. ಮಂದಿ ಹೆಣ್ಮಕ್ಳು ಅದಾರಲ್ರಿ ಅದರಾಗ. ಹೆಂಗ ತೆರಸ್ಲಿ?"

ಹತ್ತು ರಾತ್ರಿ ಅವನು ಆ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದ, ಅಷ್ಟೆ. ಆದರೂ 3:05ಕ್ಕೆ ಜಪ್ತಿ ಪಂಚನಾಮೆ ಆಯಿತು, ಬಂಧನವೂ ಆಯಿತು.

ಠಾಣೆಯಲ್ಲಿ ಮುದ್ದೆಮಾಲು, ಅಂದರೆ ಜಪ್ತಾದ ಡಿಸ್ಕ್, ಗುರುತಿಸಲು ತಸ್ಲೀಮಾಳನ್ನು ಕರೆಸಿದರು. ಅವಳೂ ತಿಪ್ಪವ್ವಳೂ ಒಳಕೋಣೆಯ ಬಾಗಿಲು ಹಾಕಿಕೊಂಡು ಡಿಸ್ಕ್ ತೆರೆದರು. ರಘುವೀರ ಹೊರಗೇ ಕೂತ. ನಲವತ್ತೊಂದೂ ಮದುವೆ ಹಾಗೇ ಇದ್ದವು. 3ನೇ ತಾರೀಖಿನ ನಂತರ ಯಾರೂ ತೆರೆದಿರಲಿಲ್ಲ.

"ಕೇಸ್ ವಾಪಸ್ ತಗೋತೇನ್ರಿ," ತಸ್ಲೀಮಾ ಬಾಗಿಲಿಗೆ ಬಂದು ಅಂದಳು. "ಮಗಳು ಅಂತ ಒಂದ ಮಾತು ಹೇಳಿದ್ರ ನಾನ ಪ್ರಿಂಟ್ ಹಾಕಿ ಕೊಡ್ತಿದ್ದೆ."

"ಅದು ಇನ್ನ ಕೋರ್ಟಿನಾಗ ಹೇಳಬೇಕ್ರಿ," ಎಂದ ರಘುವೀರ. ಆಮೇಲೆ ದನಿ ತಗ್ಗಿಸಿ, "ಆ ಹುಡುಗಿ ಸಿಕ್ಳೇನು?" ಎಂದು ಕೇಳಿದ.

ತಿಪ್ಪವ್ವ ಬಂದು ಹೇಳಿದಳು. ಬಂಕಾಪುರದ ಆ ಮದುವೆಯಲ್ಲಿ ಜನ್ನತ ಹನ್ನೊಂದು ಫೋಟೊಗಳಲ್ಲಿ ಇದ್ದಳು. ಹನ್ನೊಂದರಲ್ಲೂ ಕ್ಯಾಮೆರಾ ಕಂಡೊಡನೆ ಅಂಗೈ ಎತ್ತಿ ಮುಖ ಮುಚ್ಚಿಕೊಂಡಿದ್ದಳು.

"ಈಗ ನೆಪ್ಪಾತ್ರಿ," ತಸ್ಲೀಮಾ ಅಳುತ್ತ ಅಂದಳು. "ಆಪಾ, ನಂದು ತಗೀಬ್ಯಾಡ್ರಿ, ನಮ್ಮ ಅಬ್ಬಾ ಬ್ಯಾಡ ಅಂದಾರ ಅಂತಿದ್ಲು. ನಕ್ಕೋತ ಅಂತಿದ್ಲು."

ಆರೋಪಿಯನ್ನು ಕೋರ್ಟಿಗೆ ಒಯ್ಯುವ ಮೊದಲು ಅವಳು ಒಂದು ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು. ಅಕ್ಕಪಕ್ಕದ ಹೆಣ್ಮಕ್ಕಳೆಲ್ಲ ಹೊರಗೆ ಸರಿದು ಒಂದು ಅಂಗೈ ಮಾತ್ರ ಉಳಿಯಿತು. ನಡುವೆ ಮೆಹಂದಿಯ ಚಂದ್ರ, ಹೆಬ್ಬೆರಳ ಬುಡದಲ್ಲಿ ರೊಟ್ಟಿ ಹಂಚು ತಾಗಿ ಸುಟ್ಟ ಕಲೆ. ಖಾದರಸಾಬನನ್ನು ಕರೆದು ಮುಂದೆ ಕೂರಿಸಿದರು.

ಅವನು ಬಹಳ ಹೊತ್ತು ನೋಡಿದ. ಬೆರಳಿನಿಂದ ಆ ಕಲೆಯನ್ನು ಮುಟ್ಟಿದ.

"ಇದು ಅಕಿ ಕೈ ಖರೇರಿ," ಅಂದ. "ಸ್ವಲ್ಪ ಸರಿಸ್ರಿ. ಮಾರಿ ನೋಡಬೇಕು."

ತಿಪ್ಪವ್ವ ಅವನ ಪಕ್ಕ ಕೂತು, ಹನ್ನೊಂದರಲ್ಲೂ ಮುಖದ ಮೇಲೆ ಕೈಯೇ ಇದೆ ಎಂದು ಮೆಲ್ಲಗೆ ಹೇಳಿದಳು. ಖಾದರಸಾಬ ಪರದೆಯಿಂದ ಕೈ ತೆಗೆದ.

"ನನ್ನ ಮಾತು ಮೀರಿಲ್ರಿ ಅಕಿ," ಎಂದ. "ಒಂದ ಸಲಾನೂ ಮೀರಿಲ್ಲ."

ಸಂಜೆ 6:40ಕ್ಕೆ ರಘುವೀರ ಕೇಸ್ ಡೈರಿ ಬರೆದ. ಡಿಸ್ಕಿಗೆ ಮೊಹರು ಹಾಕಿದ್ದು, ಆರೋಪಿ ತಪ್ಪೊಪ್ಪಿಕೊಂಡಿದ್ದು, ಎಲ್ಲವೂ ಬಂತು. ಕೃತ್ಯಕ್ಕೆ ಕಾರಣ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಆಮೇಲೆ ಬರೆದ: 'ತೀರಿಹೋದ ಮಗಳ ಮುಖದ ಚಿತ್ರ ಆರೋಪಿಯ ಬಳಿ ಇರಲಿಲ್ಲ. ಈಗಲೂ ಇಲ್ಲ.'