ನಲವತ್ತು ಹನಿ

“ಮೂವತ್ತೆಂಟು... ಮೂವತ್ತೊಂಬತ್ತು... ನಲವತ್ತು. ಆಯ್ತು ಅತ್ತೆ!”

ಜಾಣೆ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಚಿನಕುರುಳಿಯ ಅಮ್ಮ ಮಗ್‌ನೊಳಗಿನ ರೆಸಿನ್ನನ್ನು ಕಡ್ಡಿಯಿಂದ ಕಲಕುತ್ತಾ, “ಭೇಷ್! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡ್ತೀಯ ನೋಡು” ಅಂದಳು.

ಶೆಡ್ಡಿನ ಮೂಲೆಯಲ್ಲಿ ಬ್ರಷ್ ಒರೆಸುತ್ತಾ ನಿಂತಿದ್ದ ಚಿನಕುರುಳಿಗೆ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು. ಭೇಷ್ ಅಂತೆ ಭೇಷ್! ನಲವತ್ತರವರೆಗೆ ಎಣಿಸಿದ್ದಕ್ಕೆ! ಯುಕೆಜಿ ಮಕ್ಕಳೂ ಎಣಿಸುತ್ತವೆ.

ಚಿನಕುರುಳಿ ಅನ್ನುವುದು ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರಲ್ಲ ಬಿಡಿ. ಬಾಯಿ ತೆರೆದರೆ ಅರಳು ಹುರಿದಂತೆ ಮಾತು, ಅದಕ್ಕೆ ಅಪ್ಪ ಇಟ್ಟ ಹೆಸರು ಅದು. ಜಾಣೆ ಅವಳ ಸೋದರಮಾವನ ಮಗಳು, ಅವಳದೇ ವಯಸ್ಸು. ರಜೆಗೆಂದು ಬಂದು ಐದು ದಿನವಾಗಿತ್ತು. ಊಟದ ತಟ್ಟೆ ತೊಳೆದಿಟ್ಟರೆ ಎಲ್ಲರೂ “ಜಾಣೆ” ಅನ್ನುತ್ತಿದ್ದರು. ಬೇಗ ಎದ್ದರೂ “ಜಾಣೆ” ಅನ್ನುತ್ತಿದ್ದರು. ಚಿನಕುರುಳಿ ಬೇಗ ಎದ್ದರೆ ಮಾತ್ರ, “ಏನೇ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?” ಅನ್ನುತ್ತಿದ್ದರು. ಇದು ಯಾವ ನ್ಯಾಯ?

ಅಮ್ಮನ ಕೆಲಸ ದೋಣಿ ರಿಪೇರಿ. ಈಗ ಶೆಡ್ಡಿನಲ್ಲಿದ್ದದ್ದು ಮೀನು ಹಿಡಿಯುವ ಮೀಸೆ ಮಾಮನ ಫೈಬರ್ ದೋಣಿ. ದೋಣಿಯ ಹಿಂಬದಿಗೆ ಗೋಡೆಯ ಹಾಗೆ ಒಂದು ಹಲಗೆ ಇರುತ್ತದಲ್ಲ, ಮೋಟರ್ ಸಿಕ್ಕಿಸುವುದು ಅದಕ್ಕೇ. ಬೋಲ್ಟಿನ ತೂತಿನಿಂದ ನೀರು ಇಳಿದೂ ಇಳಿದೂ ಅದರೊಳಗಿನ ಪ್ಲೈವುಡ್ ನೆನೆದ ರಸ್ಕಿನಂತಾಗಿತ್ತು. ಅಮ್ಮ ಅದನ್ನು ಕಿತ್ತುಹಾಕಿ ಹೊಸದನ್ನು ಕೂರಿಸಿದ್ದಳು. ಇನ್ನು ಅದರ ಮೇಲೆ ಗಾಜಿನ ಎಳೆಯಿಂದ ನೇಯ್ದ ಬಟ್ಟೆ ಹಾಸಿ ರೆಸಿನ್ ಬಳಿಯಬೇಕು. ಅಂಥ ಮೂರು ಪದರ ಗಟ್ಟಿಯಾದರೆ ಕೆಲಸ ಮುಗಿದಂತೆ. ನಾಳಿದ್ದು ದೋಣಿ ನೀರಿಗಿಳಿಯಬೇಕಿತ್ತು.

ರೆಸಿನ್ ಅಂದರೆ ಅಂಟಿನಂಥ ದ್ರವ, ಅದು ತಾನಾಗಿಯೇ ಗಟ್ಟಿಯಾಗುವುದಿಲ್ಲ. ಅದಕ್ಕೆ ಹಾರ್ಡನರ್ ಹಾಕಬೇಕು, ಒಂದು ಮಗ್‌ಗೆ ನಲವತ್ತು ಹನಿ. ಕಡಿಮೆಯಾದರೆ ವಾರ ಕಳೆದರೂ ಅಂಟಂಟು. ಹೆಚ್ಚಾದರೆ ಬಳಿಯುವ ಮೊದಲೇ ಕಲ್ಲು. ಅದಕ್ಕೇ ಅಮ್ಮನ ಶೆಡ್ಡಿನಲ್ಲಿ ಒಂದು ಕಾನೂನಿತ್ತು: ಹನಿ ಎಣಿಸುವವರನ್ನು ಯಾರೂ ಮಾತಾಡಿಸಕೂಡದು. ನೆಂಟರು ಬಂದರೂ ಅಷ್ಟೆ, ಫೋನ್ ಬಂದರೂ ಅಷ್ಟೆ.

“ಅಮ್ಮಾ, ಮುಂದಿನ ಮಗ್ ನಾನು ಎಣಿಸ್ಲಾ?” ಚಿನಕುರುಳಿ ಕೇಳಿದಳು.

“ನೀನಾ? ಹೋದ ತಿಂಗಳು ಏನಾಯ್ತು ಮರೆತ್ಯಾ? ಹನ್ನೆರಡಕ್ಕೆ ಬಂದಾಗ ನಿಮ್ಮ ಟೀಚರ್ ಚಪ್ಪಲಿ ಕಿತ್ತೋದ ಕತೆ ಶುರು ಮಾಡ್ದೆ. ಮೊದ್ಲು ಆ ಬಾಯಿಗೊಂದು ಬೀಗ ಹಾಕ್ಸೋಣ, ಆಮೇಲೆ ನೋಡೋಣ.”

ಜಾಣೆ ಕಿಸಕ್ಕನೆ ನಕ್ಕಳು.

ಅಷ್ಟೇ ಸಾಕಾಯಿತು. ಚಿನಕುರುಳಿಯ ಕಿವಿ ಬಿಸಿಯಾಯಿತು. ನಮ್ಮ ಶೆಡ್ಡು, ನಮ್ಮಮ್ಮ, ನಗುವುದು ಇವಳು! ನಾನು ಹುಟ್ಟಿದಾಗಿನಿಂದ ಈ ರೆಸಿನ್ ವಾಸನೆಯಲ್ಲೇ ಬೆಳೆದವಳು. ನಿನ್ನೆ ಮೊನ್ನೆ ಬಂದವಳಿಗೆ ಬಾಟಲಿ, ನನಗೆ ಬ್ರಷ್ ತೊಳೆಯುವ ಕೆಲಸ. ಇವಳು ಹೋಗಬೇಕು. ಇವತ್ತೇ ಹೋಗಬೇಕು.

ಮೊದಲ ಪದರ ಚೆನ್ನಾಗಿ ಕೂತಿತು. ಎರಡನೇ ಪದರಕ್ಕೆ ಅಮ್ಮ ಹೊರಗೆ ಮೇಜಿನ ಮೇಲೆ ಬಟ್ಟೆ ಕತ್ತರಿಸುತ್ತಿದ್ದಳು. ಒಳಗೆ ಜಾಣೆ ದೊಡ್ಡ ಕನ್ನಡಕ, ಮಾಸ್ಕ್, ಗ್ಲೌಸ್ ಹಾಕಿಕೊಂಡು ಹನಿ ಬಿಡುತ್ತಿದ್ದಳು.

“ಮೂವತ್ತೊಂದು... ಮೂವತ್ತೆರಡು... ಮೂವತ್ತಮೂರು...”

ಚಿನಕುರುಳಿ ಬೆಕ್ಕಿನಂತೆ ಹತ್ತಿರ ಬಂದಳು. “ಏ, ನಿನ್ನ ರೋಲ್ ನಂಬರ್ ಎಷ್ಟೇ?”

“ಹದಿಮೂರು,” ಅಂದಳು ಜಾಣೆ, ಬಾಟಲಿಯಿಂದ ಕಣ್ಣು ತೆಗೆಯದೆ. “ಹದಿನಾಲ್ಕು... ಹದಿನೈದು... ಹದಿನಾರು...”

ಅವಳಿಗೆ ಗೊತ್ತೇ ಆಗಲಿಲ್ಲ. ಮತ್ತೆ ಹದಿನೇಳು, ಹದಿನೆಂಟು, ಹತ್ತೊಂಬತ್ತು ಎನ್ನುತ್ತಾ ಹೊರಟಳು. “ಏ ನಿಲ್ಲಿಸೇ” ಎಂದರೆ ಮುಗಿದಿತ್ತು. ಆದರೆ ಮನೆಯಲ್ಲಿ ಯಾರೂ ಕಂಡಿರದ ಒಂದು ವಿಚಿತ್ರ ಆಗ ನಡೆಯಿತು. ಚಿನಕುರುಳಿ ತುಟಿ ಪಿಟಕ್ಕೆನ್ನದೆ ನಿಂತಳು. ನಲವತ್ತು ಬೀಳಬೇಕಿದ್ದ ಕಡೆ ಅರವತ್ತು ಹನಿ ಬಿದ್ದವು.

ಅಮ್ಮ ಎರಡನೇ ಬಟ್ಟೆ ಹಾಸಿ ಅರ್ಧ ಬಳಿದಿದ್ದಳೋ ಇಲ್ಲವೋ, ಬ್ರಷ್ ಜಗ್ಗತೊಡಗಿತು. ರೆಸಿನ್ ಜೆಲ್ಲಿಯಂತೆ ಮುದ್ದೆ ಮುದ್ದೆಯಾಗಿ ಎದ್ದು ಬಂತು.

“ಅಯ್ಯೋ, ಇದೇನಿದು?”

ಮಗ್ ಮುಟ್ಟಲಾರದಷ್ಟು ಬಿಸಿಯಾಗಿ ಅದರಿಂದ ಹೊಗೆ ಏಳತೊಡಗಿತ್ತು.

“ಇಬ್ರೂ ಹೊರಗೆ ಹೋಗಿ! ಹೊಗೆ ಕುಡೀಬೇಡಿ!” ಎಂದು ಕೂಗಿ ಅಮ್ಮ ಇಕ್ಕಳದಲ್ಲಿ ಮಗ್ ಹಿಡಿದು ಓಡಿ ಮರಳಿನ ಮೇಲಿಟ್ಟಳು. ತಿರುಗಿ ಬರುವಷ್ಟರಲ್ಲಿ ಹಲಗೆಯ ಮೇಲಿನ ಬಟ್ಟೆ ಸುಕ್ಕುಗಟ್ಟಿ, ಅಲ್ಲಲ್ಲಿ ಗುಳ್ಳೆಯೆದ್ದು, ಹಾಗೇ ಕಲ್ಲಾಗಿತ್ತು.

“ಎಷ್ಟು ಹನಿ ಹಾಕ್ದೆ ಮಗಳೇ?” ಅಮ್ಮ ಜಾಣೆಯನ್ನು ಕೇಳಿದಳು.

“ನಲವತ್ತೇ ಅತ್ತೆ. ನಲವತ್ತಕ್ಕೇ ನಿಲ್ಲಿಸಿದ್ದು.”

“ನಲವತ್ತಕ್ಕೆ ಹಿಂಗಾಗಲ್ವಲ್ಲ.”

“ನಾನಂತೂ ಬ್ರಷ್ ತೊಳೀತಿದ್ದೆ!” ಅಂದಳು ಚಿನಕುರುಳಿ. ಅವಳನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಮ್ಮನಿಗೆ ಅದನ್ನು ಗಮನಿಸುವಷ್ಟು ಪುರುಸೊತ್ತಿರಲಿಲ್ಲ.

“ಇದನ್ನ ಪೂರ್ತಿ ಉಜ್ಜಿ ತೆಗೀಬೇಕು,” ಅಂದಳು ಅಮ್ಮ, ಹಣೆ ಒರೆಸಿಕೊಳ್ಳುತ್ತಾ. “ಹಿಂಗೇ ಬಿಟ್ರೆ ಮೋಟರ್ ಜಗ್ಗಿದಾಗ ಹಲಗೇನೇ ಬಿಟ್ಕೊಳ್ಳುತ್ತೆ. ನೀರಿನ ಮಧ್ಯದಲ್ಲಿ ಮೀಸೆ ಮಾಮ ಯಾರನ್ನ ಕೂಗ್ಬೇಕು?”

ಚಿನಕುರುಳಿಗೆ ಮೀಸೆ ಮಾಮ ನೆನಪೇ ಆಗಿರಲಿಲ್ಲ.

ಅಮ್ಮ ಮಧ್ಯಾಹ್ನದವರೆಗೂ ಗ್ರೈಂಡರ್ ಹಿಡಿದು ಉಜ್ಜಿದಳು. ಬಿಳೀ ಪುಡಿ ಅವಳ ರೆಪ್ಪೆಯ ಮೇಲೂ ಕೂತಿತು. ಮನೆಯಲ್ಲಿ ಜಾಣೆ ಊಟವನ್ನು ಅರ್ಧಕ್ಕೇ ಬಿಟ್ಟು, ಬೆರಳು ಮಡಚಿ ಮಡಚಿ ಒಂದರಿಂದ ನಲವತ್ತರವರೆಗೆ ಎಣಿಸುತ್ತಲೇ ಇದ್ದಳು. ಎಲ್ಲಿ ತಪ್ಪಿದೆ ಅಂತ ಹುಡುಕುತ್ತಿದ್ದಳು ಪಾಪ.

ಊಟವಾದ ಮೇಲೆ ಮೂವರೂ ಶೆಡ್ಡಿಗೆ ಬಂದರು.

“ಅತ್ತೆ, ಅಪ್ಪಂಗೆ ಫೋನ್ ಮಾಡ್ತೀರಾ?” ಅಂದಳು ಜಾಣೆ, ಬಾಗಿಲಲ್ಲೇ ನಿಂತು. “ನಾನು ಮನೆಗೆ ಹೋಗ್ತೀನಿ. ನಂಗೆ ಎಣಿಸೋಕೂ ಬರಲ್ಲ.”

“ಅಷ್ಟಕ್ಕೆಲ್ಲ ಮನೆಗೆ ಹೋಗ್ತಾರಾ? ನನ್ನ ಕೈಲೂ ಎಷ್ಟೋ ಸಲ ಕೆಟ್ಟಿದೆ. ಇವತ್ತು ಸ್ವಲ್ಪ ಸುಧಾರಿಸ್ಕೋ.” ಅಮ್ಮ ಬಾಟಲಿಯನ್ನು ಚಿನಕುರುಳಿಯ ಕಡೆ ಚಾಚಿದಳು. “ಈ ಸಲ ನೀನು ಎಣಿಸು.”

ಬಾಟಲಿ ಕೈಗೆ ಬಂದೇ ಬಿಟ್ಟಿತು. ಜಾಣೆ ಮನೆಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ಕೇಳಿದ್ದೆಲ್ಲ ಸಿಕ್ಕಿತ್ತು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು.

ಚಿನಕುರುಳಿ ಕನ್ನಡಕ ಏರಿಸಿಕೊಂಡಳು. ಆಗ ಜಾಣೆ ಎದ್ದುಹೋಗಿ, ಕಿಟಕಿಯಲ್ಲಿ ಹಾಡುತ್ತಿದ್ದ ರೇಡಿಯೋ ಆಫ್ ಮಾಡಿದಳು.

“ಯಾಕೇ?” ಅಂದಳು ಚಿನಕುರುಳಿ.

“ನೀನು ಎಣಿಸ್ತೀಯಲ್ಲ. ಗಲಾಟೆ ಇದ್ರೆ ನಿಂಗೂ ತಪ್ಪಿ ಹೋಗುತ್ತೆ.”

ಚಿನಕುರುಳಿ ಬಾಟಲಿಯನ್ನು ಮೇಜಿನ ಮೇಲಿಟ್ಟುಬಿಟ್ಟಳು.

“ಅಮ್ಮಾ, ಅವಳು ತಪ್ಪು ಮಾಡಿಲ್ಲ. ಮೂವತ್ತಮೂರಕ್ಕೆ ಬಂದಾಗ ನಾನೇ ರೋಲ್ ನಂಬರ್ ಕೇಳಿದ್ದು. ಬೇಕು ಅಂತಲೇ ಕೇಳಿದ್ದು. ಅವಳು ಹದಿಮೂರು ಅಂದು, ಅಲ್ಲಿಂದ ಎಣಿಸ್ತಾ ಹೋದ್ಲು. ನಾನು... ನಾನು ಸುಮ್ನಿದ್ದೆ. ನೀನು ಅವಳಿಗೆ ಮಾತ್ರ ಭೇಷ್ ಅಂದೆ ಅಂತ.”

ಅಮ್ಮ ಬೈಯುತ್ತಾಳೆ ಅಂದುಕೊಂಡಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಮ್ಮ ಬಾಟಲಿ ತೆಗೆದು ಜಾಣೆಯ ಮುಂದಿಟ್ಟಳು.

ಜಾಣೆಯ ಮೂಗು ಕೆಂಪಾಗಿತ್ತು. “ಇವಳು ಇಲ್ಲಿದ್ರೆ ನಾನು ಎಣಿಸಲ್ಲ.”

ಚಿನಕುರುಳಿ ಹೊರಗೆ ಹೋದಳು. ಬಾಗಿಲಾಚೆ ಬಿಸಿಲಿನಲ್ಲಿ ಗೋಡೆಗೆ ಒರಗಿ ನಿಂತಳು. ಕಣ್ಣು ಉರಿಯುತ್ತಿತ್ತು. ಒಳಗಿನಿಂದ ಜಾಣೆಯ ದನಿ ಸಣ್ಣಗೆ ಕೇಳಿತು. “ಒಂದು... ಎರಡು...” ದನಿಯಲ್ಲಿ ಮೊದಲಿದ್ದ ಧೈರ್ಯ ಇರಲಿಲ್ಲ. ಪ್ರತಿ ಹನಿಗೂ ನಿಂತು ನಿಂತು ಎಣಿಸುತ್ತಿದ್ದಳು.

“ಇಪ್ಪತ್ತಾರು... ಇಪ್ಪತ್ತೇಳು...”

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಟ್ರಿಣ್ ಟ್ರಿಣ್ ಅಂತ ಸೈಕಲ್ ಬೆಲ್. ಮೀಸೆ ಮಾಮ! ಅವರು ಪಿಸುಗುಟ್ಟಿದರೂ ಮೂರು ಮನೆಗೆ ಕೇಳುತ್ತದೆ. ಶೆಡ್ಡು ಕಂಡರೆ ಸಾಕು, ಅಲ್ಲಿಂದಲೇ ಕೂಗಿಕೊಂಡು ಬರುವವರು.

ಚಿನಕುರುಳಿ ಬಿದ್ದಂಬೀಳ ಓಡಿದಳು. ಸೈಕಲ್ಲಿಗೆ ಅಡ್ಡ ನಿಂತು ಎರಡೂ ಕೈಯಿಂದ ಬೆಲ್ ಮುಚ್ಚಿ ಹಿಡಿದಳು.

“ಏನೇ ಇದು! ನನ್ನ ದೋಣಿ—”

“ಶ್! ಮಾಮ, ದಮ್ಮಯ್ಯ, ಮಾತಾಡ್ಬೇಡಿ.”

ಮೀಸೆ ಮಾಮ ಕಣ್ಣರಳಿಸಿದರು. “ಯಾರು, ನೀನಾ ನಂಗೆ ಮಾತಾಡ್ಬೇಡ ಅನ್ನೋದು? ಯಾಕೆ?”

“ನಮ್ಮ ಜಾಣೆ ಎಣಿಸ್ತಿದ್ದಾಳೆ,” ಅಂದಳು ಚಿನಕುರುಳಿ, ಮಾಮನಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

ಮಾಮ ಮೀಸೆಯಡಿಯಲ್ಲೇ ನಕ್ಕು ಸೈಕಲ್ಲಿನಿಂದ ಇಳಿದರು. ಇಬ್ಬರೂ ಬೀದಿಯ ನಡುವೆ ಸುಮ್ಮನೆ ನಿಂತರು. ಅಷ್ಟು ದೂರಕ್ಕೆ ಎಣಿಕೆ ಕೇಳಿಸುತ್ತಿರಲಿಲ್ಲ. ಶೆಡ್ಡಿನ ಬಾಗಿಲಿನಿಂದ “ಆಯ್ತು ಅತ್ತೆ!” ಎಂಬ ಕೂಗು ಬರುವವರೆಗೂ ಚಿನಕುರುಳಿ ಬೆಲ್ಲಿನ ಮೇಲಿನ ಕೈ ತೆಗೆಯಲಿಲ್ಲ.